ಬಡವನ ಪರವಾಗಿ ಒಬ್ಬ ವಕೀಲ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ವ್ಯಾಜ್ಯದ ಖರ್ಚುವೆಚ್ಚಗಳಲ್ಲಿ ಬೆಂದವರ ಬಾಯಿಂದ ಹೊರಟ ಮಾತು ಅದು. ಖರ್ಚು ಮಾಡಬಲ್ಲವನ ಪಾಡೇ ಹೀಗಾದರೆ, ಕೈಯಲ್ಲಿ ಕಾಸಿಲ್ಲದವನ ಮೇಲೆ ಸರ್ಕಾರವೇ ಅಪರಾಧವನ್ನು ಹೊರಿಸಿ ಕಟಕಟೆಯಲ್ಲಿ ನಿಲ್ಲಿಸಿದಾಗ ಅವನ ಗತಿಯೇನು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆತದ್ದು 1963ರಲ್ಲಿ. ಅದನ್ನು ದೊರಕಿಸಿಕೊಟ್ಟವನು ಪಂಡಿತನೂ ಅಲ್ಲ, ರಾಜಕಾರಣಿಯೂ ಅಲ್ಲ. ಎಂಟನೆಯ ತರಗತಿಯವರೆಗೆ ಓದಿ, ಹಲವು ಬಾರಿ ಸೆರೆಮನೆಯನ್ನು ಕಂಡಿದ್ದ ಒಬ್ಬ ಕೈದಿ.

ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಪ್ರಜೆಯ ಹಕ್ಕುಗಳ ಪಟ್ಟಿಯೆಂದು ಅವುಗಳಿಗೆ ಹೆಸರು. ಅಪರಾಧದ ವಿಚಾರಣೆಯಲ್ಲಿ ಆಪಾದಿತನಿಗೆ ವಕೀಲನ ನೆರವಿರತಕ್ಕದ್ದೆಂದು ಅವುಗಳಲ್ಲಿ ಆರನೆಯದು ಹೇಳುತ್ತದೆ. ಆದರೆ ಮಾತು ಎಷ್ಟು ಸ್ಪಷ್ಟವೋ ಅದರ ವ್ಯಾಪ್ತಿ ಅಷ್ಟೇ ಸಂಕೋಚವಾಗಿತ್ತು. ಈ ಪಟ್ಟಿ ಮೊದಲಿಗೆ ಒಕ್ಕೂಟದ ಸರ್ಕಾರವನ್ನು ಮಾತ್ರ ಕಟ್ಟಿಹಾಕಿತ್ತು. ಕಳವು, ಹೊಡೆದಾಟ, ಕೊಲೆಗಳ ವಿಚಾರಣೆಯಾದರೋ ಬಹುಪಾಲು ನಡೆಯುತ್ತಿದ್ದುದು ರಾಜ್ಯಗಳ ನ್ಯಾಯಸ್ಥಾನಗಳಲ್ಲಿ. ಕಾನೂನಿನ ಯುಕ್ತ ಕ್ರಮವನ್ನು ಬಿಟ್ಟು ಯಾವ ರಾಜ್ಯವೂ ಯಾರ ಪ್ರಾಣ, ಸ್ವಾತಂತ್ರ್ಯ, ಸ್ವತ್ತುಗಳನ್ನೂ ಕಸಿಯಕೂಡದೆಂದು 1868ರ ಹದಿನಾಲ್ಕನೆಯ ತಿದ್ದುಪಡಿ ವಿಧಿಸಿತು. ಆ ಯುಕ್ತ ಕ್ರಮದಲ್ಲಿ ವಕೀಲನೂ ಸೇರಿದ್ದಾನೆಯೇ? ವಾದ ಹುಟ್ಟಿದ್ದು ಅಲ್ಲಿ.

ಅಲಬಾಮಾ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಬಡ ನೀಗ್ರೋ ತರುಣರ ಮೊಕದ್ದಮೆಯಲ್ಲಿ, 1932ರಲ್ಲಿ, ಸುಪ್ರೀಂ ಕೋರ್ಟು ‘ಸೇರಿದ್ದಾನೆ’ ಎಂದಿತು. ಆದರೆ ಅದು ಮರಣದಂಡನೆಯ ಪ್ರಸಂಗಕ್ಕೆ ಸೀಮಿತವಾದ ಮಾತು. 1942ರಲ್ಲಿ ಬೆಟ್ಸ್ ಎಂಬ ಕೂಲಿಗಾರನು ದರೋಡೆಯ ಆಪಾದನೆಗೆ ಒಳಗಾಗಿ ವಕೀಲನನ್ನು ಕೇಳಿದಾಗ, ವಿಶೇಷ ಸಂದರ್ಭವಿಲ್ಲದೆ ರಾಜ್ಯವು ವಕೀಲನನ್ನು ಕೊಡಬೇಕಾದ್ದಿಲ್ಲವೆಂದು ಅದೇ ನ್ಯಾಯಸ್ಥಾನ ಬಹುಮತದಿಂದ ತೀರ್ಪಿತ್ತಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಭಿನ್ನಾಭಿಪ್ರಾಯವನ್ನು ಬರೆದವರು ಹ್ಯೂಗೋ ಬ್ಲ್ಯಾಕ್. ಈ ಹೆಸರನ್ನು ನೆನಪಿನಲ್ಲಿಡಿ.

ಇನ್ನು ನಮ್ಮ ಕೈದಿಯ ಕಥೆ. ಫ್ಲಾರಿಡಾ ರಾಜ್ಯದ ಪನಾಮಾ ಸಿಟಿಯಲ್ಲಿ 1961ರ ಜೂನ್ 3ರಂದು ಒಂದು ಬಿಲಿಯರ್ಡ್ಸ್ ಆಟದ ಅಂಗಡಿಗೆ ಕನ್ನ ಬಿತ್ತು. ಹೋದದ್ದು ಯಂತ್ರಗಳಲ್ಲಿದ್ದ ಚಿಲ್ಲರೆ ಕಾಸು, ಕೆಲವು ಪಾನೀಯಗಳು. ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಐವತ್ತು ದಾಟಿದ ಬಡವನನ್ನು ಪೊಲೀಸರು ಹಿಡಿದರು. ಆಗಸ್ಟ್ 4ರಂದು ವಿಚಾರಣೆ. ತನಗೊಬ್ಬ ವಕೀಲನನ್ನು ಕೊಡಿಸಿರೆಂದು ಅವನು ಕೇಳಿದ. ಮರಣದಂಡನೆಯ ಮೊಕದ್ದಮೆಗಲ್ಲದೆ ವಕೀಲನನ್ನು ನೇಮಿಸಲು ಈ ರಾಜ್ಯದ ಕಾನೂನಿನಲ್ಲಿ ಅವಕಾಶವಿಲ್ಲವೆಂದು ನ್ಯಾಯಾಧೀಶರು ವಿಷಾದದಿಂದಲೇ ತಿಳಿಸಿದರು. ಗಿಡಿಯನ್ ತನಗೆ ತಿಳಿದಂತೆ ತಾನೇ ಸಾಕ್ಷಿಗಳನ್ನು ಪ್ರಶ್ನಿಸಿದ, ತಾನೇ ವಾದಿಸಿದ. ಪಂಚರು ಅವನನ್ನು ಅಪರಾಧಿಯೆಂದರು. ಶಿಕ್ಷೆ, ಐದು ವರ್ಷ ಸೆರೆ.

ಸೆರೆಮನೆಯಲ್ಲಿ ಅವನು ಕಾನೂನಿನ ಪುಸ್ತಕಗಳನ್ನು ಓದಿದ. ರಾಜ್ಯದ ಉಚ್ಚ ನ್ಯಾಯಸ್ಥಾನ ಅವನ ಅರ್ಜಿಯನ್ನು ತಳ್ಳಿಹಾಕಿತು. ಬಳಿಕ 1962ರ ಜನವರಿಯಲ್ಲಿ, ಗೆರೆ ಎಳೆದ ಸೆರೆಮನೆಯ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದ ಅವನ ಮನವಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟನ್ನು ಮುಟ್ಟಿತು. ಕಾಗುಣಿತ ಸರಿಯಿರಲಿಲ್ಲ, ಪ್ರಶ್ನೆ ಮಾತ್ರ ಸರಿಯಾಗಿತ್ತು. ನ್ಯಾಯಮೂರ್ತಿಗಳು ಅದನ್ನು ವಿಚಾರಣೆಗೆ ಎತ್ತಿಕೊಂಡು, ಹೆಸರಾಂತ ವಕೀಲ ಏಬ್ ಫೋರ್ಟಾಸರನ್ನು ಅವನ ಪರವಾಗಿ ನೇಮಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ತನ್ನ ಪಕ್ಷಕ್ಕೆ ಬೆಂಬಲ ಕೊಡಿರೆಂದು ಫ್ಲಾರಿಡಾ ಇತರ ರಾಜ್ಯಗಳಿಗೆ ಪತ್ರ ಬರೆಯಿತು. ಅಲಬಾಮಾ, ಉತ್ತರ ಕೆರೊಲಿನಾಗಳೆರಡೇ ಒಲಿದವು. ಪ್ರತಿಯಾಗಿ 22 ರಾಜ್ಯಗಳು ಒಟ್ಟಾಗಿ ಕೈದಿಯ ಪರವಾಗಿ ಮನವಿ ಸಲ್ಲಿಸಿದವು! ಬಡವನಿಗೆ ವಕೀಲನನ್ನು ಕೊಟ್ಟರೆ ಸರ್ಕಾರ ಮುಳುಗಿಹೋಗುವುದಿಲ್ಲವೆಂದು ಸರ್ಕಾರಗಳೇ ಹೇಳಿದಂತಾಯಿತು.

1963ರ ಮಾರ್ಚ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಗಿಡಿಯನ್ನನ ಪರವಾಗಿ ತೀರ್ಪಿತ್ತರು. ಅದನ್ನು ಬರೆದವರು ಅದೇ ಹ್ಯೂಗೋ ಬ್ಲ್ಯಾಕ್. ಇಪ್ಪತ್ತೊಂದು ವರ್ಷಗಳ ಹಿಂದೆ ಸೋತ ಅಭಿಪ್ರಾಯ ಈಗ ದೇಶದ ಕಾನೂನಾಯಿತು. ಅವರ ತರ್ಕ ಸರಳ: ಆಪಾದಿತನ ಮೇಲೆ ವಾದಿಸಲು ಸರ್ಕಾರ ಹಣ ಕೊಟ್ಟು ವಕೀಲರನ್ನಿಡುತ್ತದೆ, ಹಣವುಳ್ಳ ಆಪಾದಿತನೂ ವಕೀಲನನ್ನಿಡುತ್ತಾನೆ. ಹಾಗಾದರೆ ವಕೀಲನು ಭೋಗವಸ್ತುವಲ್ಲ, ಅಗತ್ಯ. ಬಡವನೊಬ್ಬನಿಗೆ ಮಾತ್ರ ಅವನಿಲ್ಲವೆಂದರೆ ವಿಚಾರಣೆ ನ್ಯಾಯವಾದೀತೆ?

ತೀರ್ಪಿನಿಂದ ಗಿಡಿಯನ್ನನಿಗೆ ಬಿಡುಗಡೆಯಾಗಲಿಲ್ಲ, ದೊರೆತದ್ದು ಮರುವಿಚಾರಣೆ. 1963ರ ಆಗಸ್ಟಿನಲ್ಲಿ ಅದೇ ಊರು, ಅದೇ ನ್ಯಾಯಾಧೀಶರು. ಹೊಸತಾಗಿದ್ದುದು ಫ್ರೆಡ್ ಟರ್ನರ್ ಎಂಬ ವಕೀಲ. ಆ ಮುಂಜಾನೆ ಗಿಡಿಯನ್ ಟ್ಯಾಕ್ಸಿಯವನಿಗೆ, ನನ್ನನ್ನು ಕರೆದೊಯ್ದದ್ದನ್ನು ಯಾರಿಗೂ ಹೇಳಬೇಡವೆಂದಿದ್ದ. ಕೇಳಿದವರಿಗೆ ಇದು ಕಳ್ಳನ ಮಾತೇ! ಆದರೆ ಟರ್ನರ್ ಪಾಟೀಸವಾಲಿನಲ್ಲಿ ಮುಂದಕ್ಕೆ ಕೇಳಿದರು: ಹಿಂದೆಯೂ ಹಾಗೆ ಹೇಳಿದ್ದನೇ? ಯಾವಾಗಲೂ ಹೇಳುತ್ತಾನೆ, ಹೆಂಡತಿಯೊಡನೆ ಅವನಿಗೆ ತಕರಾರು ಎಂದ ಟ್ಯಾಕ್ಸಿಯವನು. ಮುಖ್ಯ ಸಾಕ್ಷಿಯ ಮಾತೂ ಹೀಗೆಯೇ ಸಡಿಲಗೊಂಡಿತು. ಸುಮಾರು ಒಂದು ಗಂಟೆಯಲ್ಲಿ ಪಂಚರು ಗಿಡಿಯನ್ ನಿರಪರಾಧಿಯೆಂದರು. ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂಬುದೂ ಒಂದು ವಿದ್ಯೆ. ಅದನ್ನರಿಯದ ನಿರಪರಾಧಿ ಎರಡು ವರ್ಷ ಸೆರೆಯಲ್ಲಿದ್ದ.

ಈ ಚರಿತ್ರೆಯ ಒಂದೆಳೆ ನಮ್ಮ ಮಂಗಳೂರನ್ನೂ ಮುಟ್ಟುತ್ತದೆ. ಆ ಊರಿನವರಾದ ಬೆನಗಲ್ ನರಸಿಂಗರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡರು. ಬೆಟ್ಸನ ಮೊಕದ್ದಮೆಯಲ್ಲಿ ಬಹುಮತದ ಕಡೆಗಿದ್ದವರು ಇವರು. ‘ಯುಕ್ತ ಕ್ರಮ’ ಎಂಬ ಮಾತು ನ್ಯಾಯಾಧೀಶರಿಗೆ ಅತಿ ಭಾರವಾದೀತೆಂಬುದು ಅವರ ಸಲಹೆ. ನಮ್ಮ 21ನೆಯ ವಿಧಿಯಲ್ಲಿ ಅದಕ್ಕೆ ಬದಲು ‘ಕಾನೂನಿನಿಂದ ಸ್ಥಾಪಿತವಾದ ಕ್ರಮ’ ಎಂದಾಯಿತು. ಆದರೂ 1976ರಲ್ಲಿ ಉಚಿತ ಕಾನೂನು ನೆರವು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ನೆರವನ್ನು 21ನೆಯ ವಿಧಿಯೊಳಗೇ ಕಂಡಿತು. ದಾರಿ ಬೇರೆ, ತಲುಪಿದ ಊರು ಒಂದೇ.

ಗಿಡಿಯನ್ 1972ರಲ್ಲಿ ಬಡವನಾಗಿಯೇ ತೀರಿಕೊಂಡ. ಸರ್ಕಾರವೇ ಸಂಬಳ ಕೊಡುವ ರಕ್ಷಕ ವಕೀಲರು ಇಂದು ಅಮೆರಿಕದಲ್ಲೆಲ್ಲ ಇದ್ದಾರೆ. ಆದರೆ ಒಬ್ಬೊಬ್ಬರ ಮೇಜಿನ ಮೇಲೂ ಕಡತಗಳ ರಾಶಿ. ಹೆಸರಿಗೆ ವಕೀಲನಿದ್ದು, ಆಲಿಸಲು ಅವನಿಗೆ ಹೊತ್ತಿಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿದೀತು. ‘ವಕೀಲ’ ಎಂಬುದು ಅರಬ್ಬಿಯಿಂದ ನಮ್ಮ ನುಡಿಗೆ ಬಂದ ಶಬ್ದ. ಮತ್ತೊಬ್ಬನ ಪರವಾಗಿ ನಿಲ್ಲಲು ನಂಬಿಕೆಯಿಂದ ನೇಮಕವಾದವನೆಂದು ಅದರ ಅರ್ಥ. ಒಂದು ರಾಜ್ಯದ ನ್ಯಾಯವನ್ನು ಅಳೆಯಬೇಕಾದರೆ, ಅಲ್ಲಿ ಕಾಸಿಲ್ಲದವನ ಪರವಾಗಿ ನಿಲ್ಲುವವರು ಯಾರು ಎಂದು ನೀವು ಮೊದಲು ಕೇಳಿ ನೋಡಿ.