ಒಳಗಿನಿಂದ ತೆರೆದ ಕೋಟೆ

ಸಾಗರದ ಬಳಿಯ ಇಕ್ಕೇರಿಯಲ್ಲಿ ಅಘೋರೇಶ್ವರನ ದರ್ಶನ ಮಾಡಿಕೊಂಡು, ಹೊಸನಗರದ ಮೇಲೆ ಹಾಯ್ದು ನಗರಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಕೆಳದಿ ಅರಸರ ಕೊನೆಯ ರಾಜಧಾನಿಯಾದ ಬಿದನೂರು ಇದೇ. ಇಂದು ಅದೊಂದು ಸಣ್ಣ ಊರು. ಅದರ ಮಗ್ಗುಲಲ್ಲಿ ಕಂದಕ, ಕಲ್ಲಿನ ಬುರುಜುಗಳು. ಕೋಟೆಯೊಳಗೆ ಅಕ್ಕ-ತಂಗಿಯರ ಕೊಳ, ದರ್ಬಾರಿನ ಬರಿಯ ತಳಗಟ್ಟು.

ರಣಭೂಮಿಯನ್ನು ಕಾಣಲೆಂದು ಬಂದ ನನ್ನನ್ನು ಒಂದು ಸಂಗತಿ ಕಾಡಿತು. ದಟ್ಟ ಕಾಡು ಕಾಯುತ್ತಿದ್ದ ಈ ನಗರ 20 ವರ್ಷಗಳೊಳಗೆ ಎರಡು ಬಾರಿ, ಹೇಳಿಕೊಳ್ಳುವಂಥ ಕಾಳಗವಿಲ್ಲದೆಯೇ ಪರರ ಕೈಸೇರಿತು.

1763ರಲ್ಲಿ ಹೈದರಾಲಿ ಎದುರಿನಿಂದ ದಾಳಿಯ ಸದ್ದೆಬ್ಬಿಸಿ, ತಾನು ಗುಟ್ಟಿನ ದಾರಿಯಿಂದ ಒಳಹೊಕ್ಕನು. ಆ ದಾರಿ ತೋರಿದವನು ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ಓಡಿಯೂ ಸೆರೆಯಾದಳು. ಹೈದರನಿಗೆ ದೊರೆತ ಭಂಡಾರವೇ ಅವನ ಮುಂದಿನ ಏಳಿಗೆಗೆ ಬುನಾದಿಯಾಯಿತು.

1783ರ ಜನವರಿಯಲ್ಲಿ ಹೈದರನದೇ ಅಧಿಕಾರಿ ಅಯಾಜ್, ಟಿಪ್ಪುವಿಗೆ ಅಂಜಿ, ನಗರವನ್ನು ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನಿಗೆ ಒಪ್ಪಿಸಿದನು. ಟಿಪ್ಪು ಬಂದು ಮುತ್ತಿದ ಏಪ್ರಿಲ್ ತಿಂಗಳಲ್ಲಿಯೇ ಇಲ್ಲಿ ನಿಜವಾದ ಕದನ ನಡೆದದ್ದು. ಕೊನೆಗೆ ಮ್ಯಾಥ್ಯೂಸ್ ಶರಣಾದನು.

ಬಾಗಿಲು ತೆರೆದವರನ್ನು ದ್ರೋಹಿಗಳೆಂದು ಬಿಡುವುದು ಸುಲಭ. ಆದರೆ ಒಬ್ಬನು ಸೆರೆಯಾಳು, ಇನ್ನೊಬ್ಬನು ಪ್ರಾಣಭೀತ. ತನ್ನವರನ್ನೇ ಸೆರೆಗೂ ಭಯಕ್ಕೂ ನೂಕಿದ ರಾಜ್ಯಕ್ಕೆ ಎಷ್ಟು ದಪ್ಪದ ಗೋಡೆಯಿದ್ದರೆ ಸಾಕಾದೀತು?

ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಕತ್ತಲಲ್ಲಿ ಕೋಟೆ ಮರೆಯಾಯಿತು. ಪ್ರಶ್ನೆ ಮಾತ್ರ ನನ್ನೊಡನೆಯೇ ಬಂತು.