ಆನೆಯೋ, ಹಂದಿಯೋ? – 1911ರ ಒಂದು ರೂಪಾಯಿಯ ಕಥೆ

ದೀಪಾವಳಿ ಬಂತೆಂದರೆ ನಮ್ಮ ಮನೆಗಳಲ್ಲಿ ದೇವರ ಪೆಟ್ಟಿಗೆಯ ಬೆಳ್ಳಿ ರೂಪಾಯಿಗಳು ಹೊರಗೆ ಬರುತ್ತವೆ. ಊರು ಬಿಟ್ಟು ಮುಂಬಯಿಗೆ ಬರುವಾಗ ಅಜ್ಜಿಯೋ ತಾಯಿಯೋ ಸೆರಗಿನ ತುದಿಯಲ್ಲಿ ಕಟ್ಟಿ ತಂದವು ಅವು. ಹುಣಸೆಹಣ್ಣೋ ವಿಭೂತಿಯೋ ಹಚ್ಚಿ ತಿಕ್ಕಿ, ಲಕ್ಷ್ಮೀಪೂಜೆಯ ತಟ್ಟೆಯಲ್ಲಿಟ್ಟು, ಮರುದಿನ ಮತ್ತೆ ಡಬ್ಬಿಗೆ ಸೇರಿಸುವುದು ವಾಡಿಕೆ. ಅವುಗಳ ಮೇಲಿನ ಇಸವಿಯನ್ನು ಓದುವವರು ಕಡಿಮೆ. ಈ ಸಲ ತಿಕ್ಕುವ ಮೊದಲು ಓದಿ ನೋಡಿರೆಂದು ವಾಚಕರಲ್ಲಿ ನಮ್ಮ ವಿನಂತಿ. 1911 ಎಂದಿದ್ದರೆ ಹುಣಸೆಹಣ್ಣನ್ನು ಸಾರಿಗೆ ಬಳಸುವುದು ಲೇಸು.

1910ರ ಮೇ ತಿಂಗಳಲ್ಲಿ ಏಳನೆಯ ಎಡ್ವರ್ಡ್ ತೀರಿಕೊಂಡು ಐದನೆಯ ಜಾರ್ಜ್ ಪಟ್ಟಕ್ಕೆ ಬಂದ. ಹೊಸ ದೊರೆಗೆ ಹೊಸ ನಾಣ್ಯ ಬೇಕಲ್ಲವೆ? ಬರ್ಟ್ರಮ್ ಮೆಕೆನಲ್ ಎಂಬ ಶಿಲ್ಪಿ ರೂಪಿಸಿದ ಕಿರೀಟಧಾರಿ ಚಿತ್ರವನ್ನು ಕಲ್ಕತ್ತೆ ಮತ್ತು ಮುಂಬಯಿಯ ಟಂಕಸಾಲೆಗಳು ರೂಪಾಯಿಯ ಮೇಲೆ ಅಚ್ಚು ಹಾಕಿದವು. ದೊರೆಯ ನಿಲುವಂಗಿಯ ಮೇಲೆ 'ಇಂಡಿಯನ್ ಎಂಪೈರ್' ಪದವಿಯ ಸರ. ಆ ಸರದಲ್ಲೊಂದು ಆನೆ. ಗಾತ್ರ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಿರಬಹುದು, ಅಷ್ಟೆ. ಆದರೆ ಅದರ ಸೊಂಡಿಲು ಮೋಟಾಯಿತು. ನೋಡಿದವರ ಕಣ್ಣಿಗೆ ಅದು ಆನೆಯಾಗಿ ಕಾಣಲಿಲ್ಲ, ಹಂದಿಯಾಗಿ ಕಂಡಿತು.

ಸಂತೆಯಲ್ಲಿ ಮಾತು ಹಬ್ಬುವುದಕ್ಕೆ ಎಷ್ಟು ಹೊತ್ತು? ಮುಸಲ್ಮಾನರಿಗೆ ಹಂದಿಯ ಚಿತ್ರವನ್ನು ಜೇಬಿನಲ್ಲಿಟ್ಟುಕೊಳ್ಳುವುದೇ ಅಸಹ್ಯ. ಹಿಂದೂಗಳಲ್ಲೂ ಅನೇಕರಿಗೆ ಅದು ಹಿಡಿಸುವ ಸಂಗತಿಯಲ್ಲ. 1857ರಲ್ಲಿ ತೋಟಾಗಳಿಗೆ ಹಚ್ಚಿದ ಕೊಬ್ಬಿನ ಸುದ್ದಿಯಿಂದ ಏನಾಯಿತೆಂಬುದನ್ನು ಬಲ್ಲ ಸರ್ಕಾರಕ್ಕೆ ಇಂಥ ಗೊಣಗಾಟವನ್ನು ಅಲಕ್ಷಿಸುವ ಧೈರ್ಯ ಎಲ್ಲಿಂದ ಬರಬೇಕು! ಅಚ್ಚಾಗಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ ಜನರ ಕೈ ಸೇರಿದ್ದವು ಸುಮಾರು 7 ಲಕ್ಷ. ಉಳಿದವು ಮತ್ತೆ ಮೂಸೆಗೆ ಹೋಗಿ ಕರಗಿದವು. 1912ರ ನಾಣ್ಯದಲ್ಲಿ ಆನೆಗೆ ಉದ್ದವಾದ ಸೊಂಡಿಲು ಬಂತು. 1911ರ ಡಿಸೆಂಬರ್ 2ರಂದು ದೊರೆ ಅಪೋಲೋ ಬಂದರಿನಲ್ಲಿ ಇಳಿದುದರ ನೆನಪಿಗೆ ಇಂದು ಗೇಟ್‌ವೇ ನಿಂತಿದೆ. ಅದೇ ವರ್ಷದ 'ಹಂದಿ ರೂಪಾಯಿ'ಗೆ ನಮ್ಮ ಡಬ್ಬಿಗಳಲ್ಲದೆ ಬೇರೆ ಸ್ಮಾರಕವಿಲ್ಲ.

ನಾಣ್ಯಸಂಗ್ರಾಹಕರು ಇದನ್ನು ತಪ್ಪು ನಾಣ್ಯಗಳ ಸಾಲಿಗೆ ಸೇರಿಸುತ್ತಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಚ್ಚು ಜಾರಿ ಎರಡೆರಡು ಗೆರೆ ಮೂಡಿದರೆ, ಬಿಲ್ಲೆ ಪಕ್ಕಕ್ಕೆ ಸರಿದು ಅರ್ಧ ಚಿತ್ರವೇ ಬಂದರೆ ಅದು ಯಂತ್ರದ ತಪ್ಪು. ಇಲ್ಲಿ ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತು. ತಪ್ಪೆಂದು ತೀರ್ಪು ಕೊಟ್ಟವರು ಬಜಾರಿನ ಜನ.

ಇನ್ನು, ಕೈಯಲ್ಲಿರುವುದು ನಿಜವಾದುದೇ ಎಂದು ತಿಳಿಯುವ ಬಗೆ. ಬೆಲೆ ಬಂದ ಕಡೆ ಮೋಸವೂ ಬರುತ್ತದೆ. ಹೇರಳವಾಗಿ ಸಿಗುವ 1912ರ ರೂಪಾಯಿಯ ಕೊನೆಯ ಅಂಕೆಯನ್ನು ಕೆರೆದು 1911 ಮಾಡುವುದು ಕೈಚಳಕವುಳ್ಳವನಿಗೆ ಕಷ್ಟವಲ್ಲ. ಆದರೆ ಉದ್ದ ಸೊಂಡಿಲಿನ ಆನೆಯನ್ನು ಹಂದಿ ಮಾಡುವುದು ಅವನಿಂದಾಗದು. ಆದ್ದರಿಂದ ಇಸವಿಯನ್ನು ನಂಬದೆ ಭೂತಕನ್ನಡಿ ಹಿಡಿದು ಸರದ ಆನೆಯನ್ನು ನೋಡಬೇಕು. ತೂಕ 11.66 ಗ್ರಾಂ, ಅಂದರೆ ನಮ್ಮ ಹಿರಿಯರ ಒಂದು ತೊಲ. ಸವೆದಿದ್ದರೆ ತುಸು ಕಡಿಮೆ. ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಬೆಳ್ಳಿಯಲ್ಲ. ಹಿಂಭಾಗದಲ್ಲಿ ಕೆಳಗಿನ ಕಮಲದಡಿ ಉಬ್ಬಿದ ಚುಕ್ಕೆಯಿದ್ದರೆ ಅದು ಮುಂಬಯಿಯದು, ರಿಸರ್ವ್ ಬ್ಯಾಂಕಿನ ಎದುರಿಗೆ ಇಂದಿಗೂ ಇರುವ ಟಂಕಸಾಲೆಯಲ್ಲಿ ಹುಟ್ಟಿದ್ದು. ಚುಕ್ಕೆಯಿಲ್ಲದ್ದು ಕಲ್ಕತ್ತೆಯದು.

ಈಗ ಕೆಲವರು ನಾಣ್ಯಕ್ಕೆ 'ಗ್ರೇಡ್' ಹಾಕಿಸುವ ಮಾತಾಡುತ್ತಾರೆ. ಅಮೆರಿಕದ ಶೆಲ್ಡನ್ 1949ರಲ್ಲಿ ತಮ್ಮ ದೇಶದ ತಾಮ್ರದ ಸೆಂಟುಗಳಿಗಾಗಿ ಮಾಡಿದ 1ರಿಂದ 70ರವರೆಗಿನ ಅಂಕಪದ್ಧತಿ ಇಂದು ಜಗತ್ತಿನಲ್ಲೆಲ್ಲ ಹಬ್ಬಿದೆ. ಅಂಕ ಕೊಟ್ಟು ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ವ್ಯಾಪಾರ ಅಲ್ಲಿ 1980ರ ದಶಕದಲ್ಲಿ ಬಲವಾಯಿತು. ಮಾರುವವರಿಗೆ ಇದರಿಂದ ಪ್ರಯೋಜನವುಂಟು, ಮಾರದವರಿಗೆ ಖರ್ಚು. ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು. ಅದನ್ನು ಪರದೇಶಕ್ಕೆ ಕಳುಹಿಸುವ ಅಧಿಕಾರ ನಮಗೆ ನಿಮಗೆ ಇಲ್ಲ. ಅಮೆರಿಕದಲ್ಲಿರುವ ಮಗನ ಕೈಯಲ್ಲಿ ಗ್ರೇಡಿಗೆಂದು ಕೊಟ್ಟುಕಳುಹಿಸುವವರು ಇದನ್ನು ನೆನಪಿಡಬೇಕು.

ತಿಕ್ಕುವ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಬೆಳ್ಳಿಯ ಮೇಲಿನ ಕಪ್ಪು ಗಾಳಿಯ ಗಂಧಕ ತಗಲಿ ಕಟ್ಟಿದ ತೆಳುಪೊರೆ. ತಿಕ್ಕಿದಾಗ ಪೊರೆಯೊಂದೇ ಹೋಗುವುದಿಲ್ಲ, ಬೆಳ್ಳಿಯೂ ಹೋಗುತ್ತದೆ. ಮೊದಲು ಸವೆಯುವುದು ಸಣ್ಣ ಗೆರೆಗಳು, ಅಂದರೆ ಆ ಆನೆಯೇ. ಹಾಗೆ ತಿಕ್ಕಿದ ನಾಣ್ಯಕ್ಕೆ ಗ್ರೇಡಿನವರು ಅಂಕವನ್ನೇ ಕೊಡುವುದಿಲ್ಲ, 'ತೊಳೆದದ್ದು' ಎಂದು ಷರಾ ಬರೆದು ಬಿಡುತ್ತಾರೆ.

ನಮ್ಮ ಡಬ್ಬಿಯಲ್ಲೂ 1911ರದೊಂದು ಇದೆ, ಮುಂಬಯಿ ಚುಕ್ಕೆಯದು. ತಾಯಿಯವರು ಅದನ್ನು ಅರ್ಧ ಶತಮಾನ ಭಕ್ತಿಯಿಂದ ತಿಕ್ಕಿದ್ದಾರೆ. ಭೂತಕನ್ನಡಿ ಹಿಡಿದರೆ ಆನೆಯ ಬೆನ್ನಿನ ಗೆರೆ ಕಾಣುತ್ತದೆ. ಮುಖ ಆನೆಯದೋ ಹಂದಿಯದೋ ಹೇಳುವಂತಿಲ್ಲ. ಯಾವ ಪರೀಕ್ಷಕರ ಬಳಿಗೂ ಒಯ್ಯುವುದು ಬೇಡವೆಂದು ನಿರ್ಧರಿಸಿದೆವು. ಇನ್ನು ತಿಕ್ಕುವುದು ಬೇಡವೆಂದಾಗ ತಾಯಿಯವರಿಗೆ ಸಮಾಧಾನವಾಗಲಿಲ್ಲ. "ಕಪ್ಪಗಾದ ಲಕ್ಷ್ಮೀನ ತಟ್ಟೇಲಿ ಹೇಗಪ್ಪಾ ಇಡೋದು?" ಎಂದರು. ಅವರ ಮಾತನ್ನೂ ತೆಗೆದುಹಾಕುವಂತಿರಲಿಲ್ಲ. ಕೊನೆಗೆ 1918ರದೊಂದು ಸಾಮಾನ್ಯ ರೂಪಾಯಿಯನ್ನು ಅವರ ಹುಣಸೆಹಣ್ಣಿಗೆ ಒಪ್ಪಿಸಿದೆವು. 1911ರದು ಕಾಗದದ ಲಕೋಟೆಯೊಳಗೆ ಕುಳಿತೇ ಪೂಜೆ ಪಡೆಯಿತು.