ಯಾಣದ ಸೀಮೆಯಲ್ಲಿ ಗರ್ಭಿಣಿಯ ಸೂಜಿಮದ್ದು

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರಲ್ಲಿ ಘಟ್ಟದ ಸೀಮೆಯವರು ಅನೇಕರಿದ್ದಾರೆ. ಅವರಿಗೆ ಯಾಣದ ಪರಿಚಯ ಹೇಳಬೇಕಾಗಿಲ್ಲ. ಉಳಿದ ಭಕ್ತಬಂಧುಗಳಿಗಾಗಿ ಎರಡು ಮಾತು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿಗೆ ಸೇರಿದ ಈ ಕ್ಷೇತ್ರದಲ್ಲಿ ಕಗ್ಗಾಡಿನ ನಡುವೆ ಕರಿಯ ಸುಣ್ಣಕಲ್ಲಿನ ಎರಡು ಮಹಾಶಿಖರಗಳು ಎದ್ದು ನಿಂತಿವೆ. ಸುಮಾರು 120 ಮೀಟರ್ ಎತ್ತರದ್ದು ಭೈರವೇಶ್ವರ ಶಿಖರ. ಸುಮಾರು 90 ಮೀಟರಿನದು ಮೋಹಿನಿ ಶಿಖರ. ಭಸ್ಮಾಸುರನು ಬೂದಿಯಾದ ಸ್ಥಳವಿದೆಂದು ಐತಿಹ್ಯ. ಭೈರವೇಶ್ವರ ಶಿಖರದ ಗವಿಯಲ್ಲಿ ಬಂಡೆಯಿಂದ ತೊಟ್ಟಿಕ್ಕುವ ನೀರು ಲಿಂಗದ ಮೇಲೆ ಬೀಳುತ್ತದೆ. ಸಮೀಪದ ಜಲಪಾತಕ್ಕೆ ವಿಭೂತಿಯ ಹೆಸರು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆಯು ಆ ಹಾದಿಯ ದುರ್ಗಮತೆಯನ್ನು ಸಾರುತ್ತದೆ. ಆದರೆ ಯಾತ್ರಿಕರು ವರ್ಷಕ್ಕೊಮ್ಮೆ ಮೈಯ ಕಸುವನ್ನು ನಂಬಿ ತುಳಿಯುವ ಅಡವಿಯನ್ನು ಆ ಸೀಮೆಯ ಹೆಣ್ಣುಮಕ್ಕಳು ದಿನವೂ ತುಳಿಯುತ್ತಾರೆ. ಕೊಟ್ಟಿಗೆಗೆ ದರಕು, ಅಡಕೆಯ ತೋಟಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ ಇವೆಲ್ಲ ಬೆಟ್ಟದಿಂದಲೇ ಬರಬೇಕು. ಬಸುರಿಯಾದಳೆಂದು ಈ ಕಾಯಕ ನಿಲ್ಲುವುದಿಲ್ಲ.

ಗರ್ಭಿಣಿಯು ಬೂಸ್ಟರ್ ಸೂಜಿಮದ್ದನ್ನು ಹಾಕಿಸಿಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆ ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕೇಳಿಬಂದಿತು. ಅನೇಕರು ಇದನ್ನು ಹೊಸ ಪ್ರಶ್ನೆಯೆಂದೇ ಭಾವಿಸಿದರು. ಯಾಣ, ಹೊನ್ನಾವರ, ಭಟ್ಕಳದ ಅಡವಿಯಂಚಿನ ಊರುಗಳ ಮಟ್ಟಿಗೆ ಅದು ಹೊಸದಲ್ಲ. ಅಲ್ಲಿನ ತಾಯಂದಿರು ಮೂರು ಸೂಜಿಮದ್ದುಗಳ ವಿಷಯದಲ್ಲಿ ಮೂರು ಬೇರೆ ಉತ್ತರಗಳನ್ನು ಕೇಳಿದ್ದಾರೆ. ಒಂದಕ್ಕೆ "ತಪ್ಪದೆ ಹಾಕಿಸಿಕೊಳ್ಳಿ", ಇನ್ನೊಂದಕ್ಕೆ "ನಿಮಗೆ ಸಲ್ಲದು", ಮತ್ತೊಂದಕ್ಕೆ ಮೊದಲು "ಬೇಡ", ಆರು ತಿಂಗಳೊಳಗೆ "ಬೇಕು". ಈ ಉತ್ತರಗಳು ಹುಟ್ಟಿದ ಬಗೆಯನ್ನು ಅರಿಯದೆ ಇಂದು ಮನೆಯ ಸೊಸೆಗೋ ಮಗಳಿಗೋ ಬುದ್ಧಿ ಹೇಳಹೊರಡುವುದು ಉಚಿತವಲ್ಲವೆಂದು ತೋರಿದುದರಿಂದ ಈ ಲೇಖನ.

ಮೊದಲನೆಯದು ಧನುರ್ವಾಯುವಿನ ಸೂಜಿ. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಕೂಸು ನಾಲ್ಕಾರು ದಿನ ಕಳೆದ ಮೇಲೆ ಮೊಲೆ ಹಿಡಿಯಲಾರದೆ, ದವಡೆ ಬಿಗಿದು, ಬೆನ್ನು ಬಿಲ್ಲಿನಂತೆ ಬಾಗಿ ಪ್ರಾಣ ಬಿಡುತ್ತಿತ್ತು. ಹಳಬರು ಇಂಥದನ್ನು ಬಾಲಗ್ರಹವೆಂದರು, ತಾಯಿತ ಕಟ್ಟಿದರು. ಗ್ರಹವಿದ್ದದ್ದು ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕುಡುಗೋಲಿನ ಅಲಗಿನಲ್ಲಿ, ಹೊಕ್ಕುಳಿಗೆ ಮೆತ್ತಿದ ಬೂದಿ-ಸಗಣಿಯಲ್ಲಿ. ಧನುರ್ವಾಯುವಿನ ಕ್ರಿಮಿಬೀಜ ಮಣ್ಣಿನಲ್ಲಿಯೂ ದನದ ಸಗಣಿಯಲ್ಲಿಯೂ ಬಹುಕಾಲ ಬದುಕಿರುತ್ತದೆ. ತಾಯಿಗೆ ಸೂಜಿ ಚುಚ್ಚಿ ಹುಟ್ಟಲಿರುವ ಮಗುವನ್ನು ಉಳಿಸಬಹುದೆಂಬುದನ್ನು 1961ರಲ್ಲಿ ನ್ಯೂಗಿನಿ ದ್ವೀಪದ ಹಳ್ಳಿಗಳಿಂದ ಬಂದ ಒಂದು ವರದಿ ತೋರಿಸಿಕೊಟ್ಟಿತು. ಅಲ್ಲಿ ಬಸುರಿಯರಿಗೇ ಲಸಿಕೆ ಕೊಟ್ಟು ಫಲವನ್ನು ಎಣಿಸಿ ನೋಡಿದ್ದರು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಹೆರಿಗೆಯನ್ನು ಮೈಲಿಗೆಯೆಂದು ಬಗೆದು ಬಾಣಂತಿಯನ್ನು ಮೂಲೆಯ ಕತ್ತಲೆ ಕೋಣೆಗೆ ತಳ್ಳುವ ಪದ್ಧತಿಗೆ ನಮ್ಮ ಧರ್ಮದಲ್ಲಿ ಆಧಾರವಿಲ್ಲ. ಹನ್ನೆರಡನೆಯ ಶತಮಾನದ ಶರಣರು ತೊಡೆದುಹಾಕಿದ ಪಂಚಸೂತಕಗಳಲ್ಲಿ ಜನನಸೂತಕವೂ ಒಂದು. ಗರ್ಭದಲ್ಲಿರುವ ಶಿಶುವಿಗೇ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆಯ ಸಂಸ್ಕಾರ ಮಾಡುವ ಪರಂಪರೆಯುಳ್ಳ ಸಮಾಜ ನಮ್ಮದು. ಹೀಗಿದ್ದೂ ನೆರೆಯವರನ್ನು ನೋಡಿ ಕತ್ತಲೆ ಕೋಣೆಯನ್ನು ನಮ್ಮ ಮನೆಗಳೂ ಇಟ್ಟುಕೊಂಡವೆಂಬುದನ್ನು ಒಪ್ಪಿಕೊಳ್ಳಲೇಬೇಕು.

1985ರಲ್ಲಿ ಭಾರತ ಸರ್ಕಾರವು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿದಾಗ ಗರ್ಭಿಣಿಯರಿಗೆ ಧನುರ್ವಾಯು ಲಸಿಕೆಯೂ ಅದರೊಳಗಿತ್ತು. ನಾಲ್ಕು ವಾರಗಳ ಅಂತರದಲ್ಲಿ ಎರಡು ಸೂಜಿ. ಹಿಂದಿನ ಬಸುರಿನಲ್ಲಿ ಎರಡೂ ಆಗಿದ್ದು ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದೇ ಬೂಸ್ಟರ್. 2015ರಲ್ಲಿ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಆ ಬಳಿಕ ಗಂಟಲಮಾರಿಯ ರಕ್ಷಣೆಯನ್ನೂ ಸೇರಿಸಿದ ಟಿಡಿ ಲಸಿಕೆ ಹಳೆಯ ಟಿಟಿಯ ಸ್ಥಾನಕ್ಕೆ ಬಂದಿತು. ನಿಯಮ ಸರಳವಾಗಿ ಕಂಡರೂ ಅದು ನಿಂತಿರುವುದು ನೆನಪಿನ ಮೇಲೆ. ಚೊಚ್ಚಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ. ಧಾರವಾಡದ ಬಯಲಿನಿಂದ ಶಿರಸಿಯ ಕಡೆಗೆ ಸೊಸೆಯಾಗಿ ಬಂದವಳ ತಾಯಿ ಕಾರ್ಡು ತವರಿನ ಟ್ರಂಕಿನಲ್ಲಿಯೇ ಉಳಿದಿದ್ದರೆ, ಅವಳಿಗೆ ಒಂದು ಸೂಜಿಯೋ ಎರಡೋ ಎಂಬುದನ್ನು ದಾದಿಯು ಹೇಗೆ ನಿರ್ಧರಿಸಬೇಕು?

ಎರಡನೆಯ ಸೂಜಿಯ ಕಥೆ ಇಷ್ಟು ನೇರವಲ್ಲ. ಅದು ಅಡವಿಯಿಂದಲೇ ಬಂದ ಜ್ವರದ ಕಥೆ.

1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದ ಉತ್ತರ ಕನ್ನಡವೂ ಹಳೆಯ ಮೈಸೂರಿನ ಶಿವಮೊಗ್ಗೆಯೂ ಒಂದೇ ರಾಜ್ಯದಲ್ಲಿ ಕೂಡಿದವು. ಕೆಲವೇ ತಿಂಗಳಲ್ಲಿ, 1957ರ ಆರಂಭದಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಅದೇ ಕಾಡಿಗೆ ಹೋಗಿ ಬಂದ ಜನರಿಗೆ ಉರಿಜ್ವರ, ತಲೆನೋವು, ಸೊಂಟನೋವು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಆ ವರ್ಷ 466 ಮಂದಿ ಕಾಯಿಲೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಹಳದಿ ಜ್ವರವಿರಬಹುದೆಂಬ ಮೊದಲ ಶಂಕೆಯನ್ನು ಬಿಟ್ಟು, ಇದೊಂದು ಹೊಸ ವೈರಸ್ಸೆಂದೂ ಉಣ್ಣೆಗಳು ಅದನ್ನು ಹರಡುತ್ತವೆಂದೂ ಕಂಡುಹಿಡಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ನಿಂತಿತು. ನಮ್ಮ ಜನ ಮಂಗನ ಕಾಯಿಲೆ ಎಂದರು. ಪಾಪ, ಮಂಗವೂ ಅದರ ಬಲಿಪಶುವೇ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆಗಳು ಸುತ್ತಲಿನ ದರಕಿನಲ್ಲಿ ಕಾದಿರುತ್ತವೆ. ಆ ದರಕನ್ನು ಗುಡಿಸಿ ಬುಟ್ಟಿ ತುಂಬುವವಳ ಕೈಕಾಲಿಗೆ ಹತ್ತುತ್ತವೆ.

ಮುಂದಿನ ದಶಕಗಳಲ್ಲಿ ಕಾಯಿಲೆಯು ಸಿದ್ದಾಪುರ, ಹೊನ್ನಾವರ, ಭಟ್ಕಳ, ಕುಮಟಾ ತಾಲೂಕುಗಳ ಅಡವಿಯಂಚಿಗೆ ಕಾಲಿಟ್ಟಿತು. 1982-83ರಲ್ಲಿ ಬೆಳ್ತಂಗಡಿಯ ನಿಡ್ಲೆಯಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದಾಗ ಉಗ್ರವಾಗಿ ಕಾಣಿಸಿಕೊಂಡಿತು. ಹಿಡಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುವ ಈ ಜ್ವರಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಮೊದಲು ರಷ್ಯದ ಕಡೆಯ ಒಂದು ಸೋದರ ವೈರಸ್ಸಿನ ಲಸಿಕೆಯನ್ನು ಪ್ರಯೋಗಿಸಿದರು, ಫಲಿಸಲಿಲ್ಲ. ಆಮೇಲೆ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ಕೊಂದು ಲಸಿಕೆ ಮಾಡಿದರು. (ಭ್ರೂಣವೆಂದೊಡನೆ ಮುಖ ಸಿಂಡರಿಸುವ ಸಸ್ಯಾಹಾರಿಗಳು ನಮ್ಮಲ್ಲಿ ಉಂಟು. ಪ್ರಾಣರಕ್ಷಣೆಯ ಮದ್ದಿಗೆ ಅಡುಗೆಮನೆಯ ಕಟ್ಟಳೆ ಅನ್ವಯಿಸದೆಂಬುದು ಈ ಲೇಖಕನ ಮತ.)

ಈ ಲಸಿಕೆಯ ಜೀವಾಳವೇ ಬೂಸ್ಟರ್. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಅನಂತರ ವರ್ಷಕ್ಕೊಂದರಂತೆ ಐದು ವರ್ಷ. 2005ರಿಂದ 2010ರವರೆಗಿನ ಕರ್ನಾಟಕದ ಲೆಕ್ಕವನ್ನು ಪರಿಶೀಲಿಸಿದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡೇ ಸೂಜಿಯಾದವರಿಗೆ ದೊರೆತ ರಕ್ಷಣೆ ಶೇಕಡ 62.4, ಬೂಸ್ಟರ್ ಸಹ ಆದವರಿಗೆ ಶೇಕಡ 82.9. ಸೂಜಿ ಬಹಳ ನೋಯುತ್ತಿದ್ದುದರಿಂದ ಒಮ್ಮೆ ಹಾಕಿಸಿಕೊಂಡವರು ಎರಡನೆಯ ಸಲ ತಲೆತಪ್ಪಿಸಿಕೊಳ್ಳುತ್ತಿದ್ದುದೂ ಉಂಟು. ಗರ್ಭಿಣಿಗಂತೂ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅವಳನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ವರ್ಷವರ್ಷವೂ ಬೂಸ್ಟರ್ ಹಾಕಿಸಿಕೊಂಡು ಬಂದವಳು ಬಸುರಾದ ವರ್ಷ ಸರಪಳಿಯ ಕೊಂಡಿ ಕಳಚುತ್ತಿತ್ತು. ಆದರೆ ಉಣ್ಣೆಯ ಸುಗ್ಗಿಯು ನವೆಂಬರ್‌ನಿಂದ ಮೇ ತಿಂಗಳವರೆಗೆ. ದರಕು ತರುವ ಕಾಲವೂ ಅದೇ. ಸೂಜಿಯನ್ನು ಬೇಡವೆಂದವರು ಬೆಟ್ಟಕ್ಕೆ ಹೋಗುವುದು ಬೇಡವೆಂದು ಹೇಳಿ ಆ ಕೆಲಸಕ್ಕೆ ಬೇರೊಂದು ಏರ್ಪಾಡು ಮಾಡಿಕೊಟ್ಟಿದ್ದರೆ ಅದನ್ನು ಪೂರ್ಣವಾದ ನಿರ್ಧಾರವೆನ್ನಬಹುದಿತ್ತು.

ಹೊರಗೆ ನಿಲ್ಲಿಸಿದವರನ್ನು ಕ್ರೂರಿಗಳೆನ್ನಲಾಗದು. ಅವರ ಭಯಕ್ಕೆ ಕಾರಣವಿತ್ತು. ಕ್ಯಾಸನೂರಿನಲ್ಲಿ ಮಂಗಗಳು ಸತ್ತ ಅದೇ 1957ರಲ್ಲಿ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ನಿದ್ರೆಯ ಗುಳಿಗೆ ಮಾರಾಟಕ್ಕೆ ಬಂದಿತು. ಬಸುರಿನ ವಾಂತಿ ನಿಲ್ಲಲೆಂದು ನುಂಗಿದ ತಾಯಂದಿರಿಗೆ ಕೈಕಾಲುಗಳಿಲ್ಲದ ಶಿಶುಗಳು ಸಾವಿರಾರು ಸಂಖ್ಯೆಯಲ್ಲಿ ಜನಿಸಿದವು. 1961ರಲ್ಲಿ ಅದನ್ನು ಹಿಂತೆಗೆದರು. ಅಂದಿನಿಂದ ಗರ್ಭಿಣಿಗೆ ಹೊಸ ಔಷಧವನ್ನು ಕೊಡಲು ವೈದ್ಯಲೋಕ ಅಂಜುತ್ತದೆ. ಈ ಅಂಜಿಕೆ ಬಹಳ ಜೀವಗಳನ್ನು ಉಳಿಸಿದೆ. ಸಜೀವ ಲಸಿಕೆಗಳಾದ ರುಬೆಲ್ಲಾ ಮೊದಲಾದವನ್ನು ಬಸುರಿಯರಿಗೆ ಇಂದಿಗೂ ಕೊಡುವುದಿಲ್ಲ, ಅದು ಸರಿಯೂ ಹೌದು. ಆದರೆ ಕೊಂದ ವೈರಸ್ಸಿನ ಲಸಿಕೆಗೂ ಅದೇ ಅಳತೆಗೋಲನ್ನು ಹಿಡಿದು ಸುಮ್ಮನಾದರೆ ಏನಾಗುತ್ತದೆ? ಕೊಡದಿದ್ದವರಲ್ಲಿ ಗುಣದೋಷ ತಿಳಿಯುವ ದಾರಿಯಿಲ್ಲ. ತಿಳಿಯದ ಕಾರಣ ಕೊಡುವಂತಿಲ್ಲ. ಧನುರ್ವಾಯುವಿನ ವಿಷಯದಲ್ಲಿ ಈ ವರ್ತುಲವನ್ನು ಮುರಿದದ್ದು ನ್ಯೂಗಿನಿಯ ಬಸುರಿಯರು.

ಕೋವಿಡ್ ಸೂಜಿಯು ಈ ವರ್ತುಲವನ್ನು ನಮ್ಮ ಕಣ್ಣೆದುರಿಗೆ ಮತ್ತೆ ತೋರಿಸಿತು. 2021ರ ಜನವರಿ 16ರಂದು ಭಾರತದಲ್ಲಿ ಲಸಿಕೆ ಆರಂಭವಾದಾಗ ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ಬಿಟ್ಟಿದ್ದರು. ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಸೋಂಕು ತಗಲಿದ ಗರ್ಭಿಣಿ-ಬಾಣಂತಿಯರ ಪೈಕಿ ರೋಗಲಕ್ಷಣ ಕಂಡವರು ಮೊದಲ ಅಲೆಯಲ್ಲಿ ಶೇಕಡ 14.2 ಇದ್ದುದು ಎರಡನೆಯದರಲ್ಲಿ ಶೇಕಡ 28.7ಕ್ಕೆ ಏರಿತ್ತು. ಮೇ 19ರಂದು ಹಾಲೂಡಿಸುವವರಿಗೂ ಜುಲೈ 2ರಂದು ಗರ್ಭಿಣಿಯರಿಗೂ ಅನುಮತಿ ದೊರೆಯಿತು. ಅದರಲ್ಲಿ ನನಗೆ ಮೆಚ್ಚಿಗೆಯಾದ ಅಂಶವೆಂದರೆ, ಲಸಿಕೆಯ ಸಂಭಾವ್ಯ ತೊಂದರೆ ಮತ್ತು ಕಾಯಿಲೆಯ ಅಪಾಯ ಎರಡನ್ನೂ ವಿವರಿಸಿ ನಿರ್ಧಾರವನ್ನು ಆ ತಾಯಿಗೇ ಬಿಡಬೇಕೆಂದು ಸೂಚಿಸಿದ್ದು. ಅತ್ತೆಗೂ ಅಲ್ಲ, ಗಂಡನಿಗೂ ಅಲ್ಲ. ಆ ವಿವರಣೆ ಎಷ್ಟು ಊರುಗಳಲ್ಲಿ ನಿಜವಾಗಿ ನಡೆಯಿತೆಂಬುದು ಬೇರೆ ಮಾತು.

ಆಮೇಲೆ ಬಂದದ್ದು ಮುನ್ನೆಚ್ಚರಿಕೆಯ ಡೋಸು ಎಂಬ ಹೆಸರಿನ ಬೂಸ್ಟರ್. 2022ರ ಜನವರಿ 10ರಿಂದ ಆರೋಗ್ಯ ಸಿಬ್ಬಂದಿಗೂ ಮುಂಚೂಣಿಯ ಕೆಲಸದವರಿಗೂ ಕಾಯಿಲೆಗಳುಳ್ಳ ವೃದ್ಧರಿಗೂ, ಏಪ್ರಿಲ್ 10ರಿಂದ 18 ವರ್ಷ ಮೀರಿದ ಎಲ್ಲರಿಗೂ ಖಾಸಗಿ ಕೇಂದ್ರಗಳಲ್ಲಿ, ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ. ಎರಡನೆಯ ಸೂಜಿಗೂ ಇದಕ್ಕೂ ಮೊದಲು ವಿಧಿಸಿದ ಅಂತರ ಒಂಬತ್ತು ತಿಂಗಳು, ಸರಿಯಾಗಿ ಒಂದು ಬಸುರಿನ ಅವಧಿ. ಎರಡನೆಯ ಸೂಜಿಯಾದ ಕೂಡಲೇ ಗರ್ಭ ಧರಿಸಿದವಳಿಗೆ ಬೂಸ್ಟರಿನ ಸರದಿ ಬರುವುದು ಹೆರಿಗೆಯ ನೋವಿನೊಂದಿಗೆ! ಆ ಜುಲೈನಲ್ಲಿ ಅದನ್ನು ಆರು ತಿಂಗಳಿಗೆ ಇಳಿಸಿದರು. ಅಷ್ಟರಲ್ಲಿ ಜನರ ಭಯವೂ ಇಳಿದಿತ್ತು. ಸೂಜಿಯ ಕಡೆಗೆ ತಿರುಗಿ ನೋಡುವವರು ಕಡಿಮೆಯಾಗಿದ್ದರು.

ಅದೇ 2022ರಲ್ಲಿ ಮಂಗನ ಕಾಯಿಲೆಯ ಲಸಿಕೆಯ ಕಥೆಗೆ ಅನಿರೀಕ್ಷಿತವಾದ ತಿರುವು ಬಂದಿತು. ಅದರ ಶಕ್ತಿ ಕುಂದಿದೆಯೆಂದು ಕಂಡುಬಂದುದರಿಂದ ರಾಜ್ಯದಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ಇಷ್ಟು ವರ್ಷ ಗರ್ಭಿಣಿಯೊಬ್ಬಳೇ ನಿಂತಿದ್ದ ಸಾಲಿನ ಹೊರಗೆ ಈಗ ಊರೇ ನಿಂತಿತು. ಅವಳಿಗೆ ತಪ್ಪಿದ ಸೂಜಿಯೂ ಕೊನೆಕೊನೆಗೆ ಬಲಹೀನವಾಗಿತ್ತೆಂಬುದನ್ನು ಕೇಳಿ, "ಒಳ್ಳೆಯದೇ ಆಯಿತು" ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಶೇಕಡ 82.9ರ ಕಾಲದಲ್ಲಿಯೂ ಅವಳು ಹೊರಗೇ ಇದ್ದಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸವನ್ನು ಕೈಗೊಂಡಿದೆ. ಅದು ಬರುವ ಮುಂಚೆ ಆಫ್ರಿಕದ ಒಂದು ಸಂಗತಿಯನ್ನು ನಮ್ಮವರು ನೋಡಬೇಕು. 2018ರಲ್ಲಿ ಕಾಂಗೋ ದೇಶದಲ್ಲಿ ಎಬೋಲಾ ಎಂಬ, ಅದೂ ಅಡವಿಯ ನಂಟಿನದೇ ಆದ, ರಕ್ತಸ್ರಾವದ ಜ್ವರ ಹಬ್ಬಿದಾಗ ಗರ್ಭಿಣಿಯರಿಗೆ ಲಸಿಕೆ ಇಲ್ಲವೆಂದರು. ಅದು ಸಜೀವ ಲಸಿಕೆಯಾಗಿತ್ತು. ಆದರೆ ಎಬೋಲಾ ತಗಲಿದ ಗರ್ಭಿಣಿಯ ಶಿಶು ಉಳಿಯುವುದು ತೀರ ಅಪರೂಪ. ಈ ಎರಡನ್ನೂ ತೂಗಿ 2019ರಲ್ಲಿ ನಿಯಮವನ್ನು ಬದಲಾಯಿಸಿ ಅವರಿಗೂ ಅವಕಾಶ ಕೊಟ್ಟರು. ನಮ್ಮ ಹೊಸ ಲಸಿಕೆಯ ವಿಷಯದಲ್ಲಿ ಗರ್ಭಿಣಿಯ ಪ್ರಶ್ನೆಯನ್ನು ಕೊನೆಯ ಪುಟಕ್ಕೆ ದೂಡದೆ ಮೊದಲೇ ಎತ್ತಬೇಕು. ಶ್ರೀಮಠದಲ್ಲಿ ಓದಿ ವೈದ್ಯರಾದ ಹಳೆಯ ವಿದ್ಯಾರ್ಥಿಗಳು ಸರ್ಕಾರದ ಆರೋಗ್ಯ ಇಲಾಖೆಯಲ್ಲಿಯೂ ಇದ್ದಾರೆ. ಎತ್ತುವ ಕೆಲಸ ಅವರದು.

ಸದ್ಯಕ್ಕೆ ಅಡವಿಯಂಚಿನ ಗರ್ಭಿಣಿಗೆ ಇರುವ ರಕ್ಷಣೆ ಹಳೆಯದೇ: ಬೆಟ್ಟದ ಕೆಲಸವನ್ನು ಆ ಏಳು ತಿಂಗಳು ಮನೆಯ ಗಂಡಸರು ವಹಿಸಿಕೊಳ್ಳುವುದು, ಮಂಗ ಸತ್ತ ಜಾಗವನ್ನು ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಉಣ್ಣೆ ಹತ್ತದಂತೆ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಬಸುರಿಯು ಹಚ್ಚಿಕೊಳ್ಳಬಹುದೇ ಎಂದು ದಾದಿಯನ್ನು ಕೇಳಿ ತಿಳಿದುಕೊಳ್ಳುವುದು. ಧನುರ್ವಾಯುವಿನ ಸೂಜಿಯ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯಿಲ್ಲ. ಶಿವರಾತ್ರಿಯ ಯಾಣಯಾತ್ರೆಯೂ ಉಣ್ಣೆಯ ಸುಗ್ಗಿಯ ನಡುವೆಯೇ ಬರುತ್ತದೆ. ಹೋಗುವ ಭಕ್ತರು ದಾರಿ ಬಿಟ್ಟು ಪೊದೆಗಳಿಗೆ ನುಗ್ಗದೆ, ಮೈ ಮುಚ್ಚುವ ಬಟ್ಟೆ ಧರಿಸಿ, ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಕುದಿನೀರಿಗೆ ಹಾಕಬೇಕು. ಮನೆಯಲ್ಲಿ ಬಸುರಿಯಿದ್ದರೆ ಆ ಬಟ್ಟೆಯ ಗಂಟನ್ನು ಅವಳ ಕೈಗೆ ಕೊಡಬಾರದು.